ಚೌಡಿಗೆ ಕೊಟ್ಟ ಪೆಟ್ಟಿಗೆ

ನಮ್ಮಪ್ಪನಿಗೆ ವರ್ಷಕ್ಕೆ ಒಂದೆರಡು ಸಲ ಇನ್ನೂ ಒಳ್ಳೆಯ ಮನುಷ್ಯನಾಗಬೇಕು ಎಂಬ ಹುಚ್ಚು ಹಿಡಿಯುತ್ತಿತ್ತು. ಹಾಗೆ ಹಿಡಿದಾಗ ಅವರೊಬ್ಬರೇ ಒಳ್ಳೆಯವರಾದರೆ ಸಾಲದು, ಮನೆಯವರೆಲ್ಲ ಜೊತೆಯಲ್ಲೇ ಆಗಬೇಕು. ಒಂದು ವರ್ಷ ನಾಲಿಗೆಯ ಚಪಲ ಗೆಲ್ಲಬೇಕೆಂದು ಅಡುಗೆಗೆ ಉಪ್ಪು ಬಿಡಿಸಿದರು. ಹದಿನೈದು ದಿನ ನಾವೆಲ್ಲ ಸಪ್ಪೆ ಸಾರು ಉಂಡೆವು. ಅವರು ಮಾತ್ರ ಆಸ್ಪತ್ರೆಯ ಹಿಂದೆ ನಿಂತು ಉಪ್ಪು ಹಚ್ಚಿದ ಮಾವಿನಕಾಯಿ ತಿನ್ನುವಾಗ ಅಜ್ಜಿಯ ಕೈಗೆ ಸಿಕ್ಕಿಬಿದ್ದರು. ಇನ್ನೊಂದು ವರ್ಷ ಮನೆಯಲ್ಲಿ ಯಾರೂ ಯಾರ ಮೇಲೂ ರೇಗಬಾರದೆಂದು ಕಾನೂನು ಮಾಡಿ, ನಾವು ಅದನ್ನು ಪಾಲಿಸುತ್ತಿಲ್ಲವೆಂದು ವಾರವಿಡೀ ರೇಗಾಡಿದರು. ಅಮ್ಮ ಇದನ್ನೆಲ್ಲ ನೆಗಡಿ ಕೆಮ್ಮಿನ ಜೊತೆಗೆ ಸೇರಿಸಿಬಿಟ್ಟಿದ್ದಳು. ಬಂದ ಹಾಗೇ ಹೋಗುತ್ತದೆ, ಅಲ್ಲಿಯವರೆಗೆ ಗಾಳಿಗೆ ಎದುರು ನಿಲ್ಲಬಾರದು ಎನ್ನುತ್ತಿದ್ದಳು.

ಅಪ್ಪ ಬಾಳ್ಳುಪೇಟೆಯಿಂದ ಒಳಗೆ, ಗುಡ್ಡದ ಮೇಲಿನ ಒಂದು ಕಾಫಿ ಎಸ್ಟೇಟಿನ ಆಸ್ಪತ್ರೆಯಲ್ಲಿ ಕಾಂಪೌಂಡರ್ ಆಗಿದ್ದರು. ಆಸ್ಪತ್ರೆಯೆಂದರೆ ಎರಡು ಕೋಣೆ, ಒಂದು ಬೆಂಚು, ಸೀಸೆಗಳ ಒಂದು ಬೀರು. ಗುರುವಾರ ಸಕಲೇಶಪುರದಿಂದ ಡಾಕ್ಟರು ಬಂದು ಹೋಗುತ್ತಿದ್ದರು, ಉಳಿದ ಆರು ದಿನವೂ ಅಪ್ಪನೇ ಡಾಕ್ಟರು. ನಮ್ಮ ಮನೆ ಆಸ್ಪತ್ರೆಗೆ ಅಂಟಿಕೊಂಡಿತ್ತು. ನಡುವೆ ಇದ್ದದ್ದು ಒಂದೇ ಗೋಡೆ. ಅಡುಗೆಮನೆಯಲ್ಲಿ ಕೂತು ರೊಟ್ಟಿ ತಿನ್ನುತ್ತಿದ್ದರೆ ಆ ಕಡೆ ಯಾರಿಗೆ ಸೂಜಿ ಚುಚ್ಚುತ್ತಿದ್ದಾರೆ, ಯಾರಿಗೆ ಬರೀ ಕಹಿ ಔಷಧಿ ಎಂಬುದು ಅಳುವಿನಲ್ಲೇ ಗೊತ್ತಾಗುತ್ತಿತ್ತು. ಮೂರು ಕೋಣೆಯ ಆ ಮನೆಯಲ್ಲಿ ನಾವು ಐದು ಜನ: ಅಪ್ಪ, ಅಮ್ಮ, ಅಪ್ಪನ ಅಮ್ಮನಾದ ನಮ್ಮಜ್ಜಿ, ನಾನು, ನನಗಿಂತ ಮೂರು ವರ್ಷಕ್ಕೆ ಚಿಕ್ಕವನಾದ ತಮ್ಮ ಜಯಣ್ಣ. ನನ್ನ ಹೆಸರು ಕರುಣಾ. ಹೆಸರಿಟ್ಟವರು ಅಪ್ಪ, ಅದೂ ಅಂಥದೇ ಯಾವುದೋ ಹುಚ್ಚಿನ ಹೊತ್ತಿನಲ್ಲಿ. ಆ ಗುಣ ನನ್ನಲ್ಲಿ ಇರಲಿಲ್ಲವೆಂಬುದಕ್ಕೆ ಜಯಣ್ಣನ ತೋಳಿನ ಮೇಲೆ ಈಗಲೂ ಒಂದು ಹಲ್ಲಿನ ಗುರುತಿದೆ.

ಆ ಮನೆಯಲ್ಲಿ ನನ್ನದು ಎಂಬುದು ಏನೂ ಇರಲಿಲ್ಲ. ಬಳಪ ತಂದಿಟ್ಟರೆ ಜಯಣ್ಣ ತಿನ್ನುತ್ತಿದ್ದ. ಸೀಬೆಹಣ್ಣನ್ನು ದಿಂಬಿನಡಿ ಬಚ್ಚಿಟ್ಟರೆ ಅಜ್ಜಿ ವಾಸನೆ ಹಿಡಿದು ತೆಗೆದು, ಸಮವಾಗಿ ಐದು ಹೋಳು ಮಾಡಿ ಹಂಚುತ್ತಿದ್ದಳು. ಬೀಗ ಇದ್ದದ್ದು ಅಜ್ಜಿಯ ಟ್ರಂಕಿಗೆ ಮಾತ್ರ. ಅದರ ಬೀಗದ ಕೈ ಸದಾ ಅವಳ ಸೊಂಟದಲ್ಲಿ. ಮಧ್ಯಾಹ್ನ ಎಲ್ಲರೂ ಮಲಗಿದ ಮೇಲೆ ಅವಳು ಆ ಟ್ರಂಕು ತೆಗೆದು, ಒಳಗೆ ಸುಮ್ಮನೆ ನೋಡಿ, ಮತ್ತೆ ಮುಚ್ಚುತ್ತಿದ್ದಳು. ಒಳಗೇನಿದೆಯೋ ಎಂಬುದಕ್ಕಿಂತ ಆ ನೋಡುವ ಸುಖವೇ ನನ್ನ ಹೊಟ್ಟೆ ಉರಿಸುತ್ತಿತ್ತು. ಅಂಥದರಲ್ಲಿ ಬಾಳ್ಳುಪೇಟೆಯ ಇಬ್ರಾಹಿಂ ಸಾಬರ ಅಂಗಡಿಯಲ್ಲಿ ಒಂದು ತಗಡಿನ ಪೆಟ್ಟಿಗೆ ನೋಡಿದೆ. ಸ್ಕೂಲಿಗೆ ಒಯ್ಯುವಂಥದು, ಹಸಿರು ಬಣ್ಣ, ಮುಚ್ಚಳದ ಮೇಲೆ ಎರಡು ಗುಲಾಬಿ ಹೂವು, ಮುಂದೆ ಪುಟ್ಟ ಬೀಗ. ಈ ಸಲದ ಕ್ರಿಸ್ಮಸ್‌ಗೆ ಅದೇ ಬೇಕು ಎಂದು ಆರು ತಿಂಗಳು ಮೊದಲೇ ಅಪ್ಪನ ಹತ್ತಿರ ಮಾತು ತೆಗೆದುಕೊಂಡೆ. ಅಪ್ಪನ ಮಾತಿನ ಮೇಲೆ ಪೂರ್ತಿ ನಂಬಿಕೆ ಸಾಲದೆ, ದಿನಾ ಮಲಗುವಾಗ ದೇವರಿಗೂ ಹೇಳಿಟ್ಟೆ.

ಇಡೀ ಎಸ್ಟೇಟಿನಲ್ಲಿ ಕ್ರೈಸ್ತರ ಮನೆ ನಮ್ಮದೊಂದೇ. ಹಬ್ಬಕ್ಕೆ ಅಪ್ಪನಿಗೆ ಹೊಸ ಅಂಗಿ, ಅಜ್ಜಿಗೆ ಅಮ್ಮನಿಗೆ ಸೀರೆ, ನಮ್ಮಿಬ್ಬರಿಗೆ ಒಂದೊಂದು ಉಡುಗೊರೆ. ಆಸ್ಪತ್ರೆಯ ಹತ್ತಿಯ ಸುರುಳಿ ಸುತ್ತಿ ಬರುತ್ತಿದ್ದ ನೀಲಿ ಕಾಗದವನ್ನು ಅಮ್ಮ ವರ್ಷವಿಡೀ ನೀವಿ ನೀವಿ ಎತ್ತಿಟ್ಟು, ಅದರಲ್ಲೇ ಆ ಉಡುಗೊರೆ ಕಟ್ಟುತ್ತಿದ್ದಳು. ಆ ವರ್ಷ ಹಬ್ಬಕ್ಕೆ ಎರಡು ವಾರ ಇರುವಾಗ ಸಕಲೇಶಪುರದಿಂದ ಚರ್ಚಿನ ಅಯ್ಯನವರು ಪ್ರಾರ್ಥನೆಗೆಂದು ನಮ್ಮ ಮನೆಗೆ ಬಂದರು. ಎರಡು ಅಂಗಿ ಇರುವವನು ಒಂದನ್ನು ಇಲ್ಲದವನಿಗೆ ಕೊಡಬೇಕು ಎಂಬ ವಿಷಯದ ಮೇಲೆ ಬಹಳ ಚೆನ್ನಾಗಿ ಮಾತಾಡಿ, ಎರಡು ಸಲ ಕೋಳಿ ಸಾರು ಬಡಿಸಿಕೊಂಡು ಉಂಡು, ಬಸ್ಸಿಗೆ ಹೊರಟರು. ಅವರು ಹೋದ ಮೇಲೂ ಅಪ್ಪ ಕೈ ತೊಳೆಯದೆ ಎಲೆಯ ಮುಂದೆ ಕೂತೇ ಇದ್ದರು. ಕಣ್ಣು ತುಂಬಿತ್ತು. ಅಮ್ಮ ಅದನ್ನು ನೋಡಿ ಸೌಟು ಕೆಳಗಿಟ್ಟಳು.

"ಬಂತು," ಎಂದಳು.

"ಈ ವರ್ಷ ನಮ್ಮ ಮನೇಲಿ ಯಾರಿಗೂ ಏನೂ ಇಲ್ಲ," ಎಂದರು ಅಪ್ಪ. "ಲೈನಿನ ಮಕ್ಕಳು ಚಳೀಲಿ ಬರೀ ಮೈಲಿ ಓಡಾಡ್ತವೆ. ನಾವು ಕಾಗದ ಸುತ್ತಿ ಸುತ್ತಿ ನಮಗೆ ನಾವೇ ಕೊಟ್ಕೊಳ್ತೀವಿ. ಈ ಸಲ ಒಬ್ಬೊಬ್ಬರು ಒಬ್ಬೊಬ್ಬರಿಗೆ ಕೊಡಬೇಕು. ಬೇಡವಾದದ್ದು ಕೊಡೋದಲ್ಲ. ನಿಮಗೆ ಏನು ಬೇಕಿತ್ತೋ ಅದನ್ನೇ ಕೊಡಬೇಕು."

ಲೈನು ಎಂದರೆ ತೋಟದ ಆಳುಗಳು ಇರುತ್ತಿದ್ದ ಹದಿನೆಂಟು ಮನೆಗಳ ಉದ್ದನೆಯ ಸಾಲು, ಆಸ್ಪತ್ರೆಯ ಕೆಳಗಿನ ಇಳಿಜಾರಿನಲ್ಲಿತ್ತು. ನಾನು ಬೇಗ ಬೇಗ ಯೋಚನೆ ಮಾಡಿದೆ.

"ನಂಗೆ ಒಂದು ಪೆನ್ಸಿಲ್ ಬೇಕಿತ್ತಪ್ಪ," ಎಂದೆ.

"ಸುಳ್ಳು! ಪೆಟ್ಟಿಗೆ ಬೇಕು ಅಂತ ದಿನಾ ಪ್ರಾರ್ಥನೆ ಮಾಡ್ತಾಳೆ," ಎಂದ ಜಯಣ್ಣ. "ನಾನು ಕೇಳಿಸ್ಕಂಡಿದೀನಿ."

ಅಜ್ಜಿ ಅಷ್ಟು ಸುಲಭಕ್ಕೆ ಬಗ್ಗಲಿಲ್ಲ. ಎಲೆಯಡಿಕೆ ಬಾಯಿಗಿಟ್ಟು ನಿಧಾನವಾಗಿ ವಾದಕ್ಕಿಳಿದಳು.

"ಬೈಬಲ್ಲಲ್ಲಿ ಆ ಮಾತು ಹೇಳಿದೋರಿಗೆ ಹೆಂಡ್ತಿ ಮಕ್ಕಳು ಇರ್ಲಿಲ್ಲ ಕಣೋ. ಕಾಡಲ್ಲಿ ಒಬ್ರೇ ಇದ್ರು. ಅಲ್ದೆ ಅಂಗಿ ಅಂತ ಐತೆ. ಸೀರೆ ಅಂತ ಎಲ್ಲೈತೆ, ತೋರ್ಸು?"

ಅಪ್ಪ ಬೈಬಲ್ ತಿರುವಿ ಹುಡುಕಿದರು, ಸೀರೆ ಸಿಗಲಿಲ್ಲ. ಆದರೂ ಹಟ ಬಿಡಲಿಲ್ಲ. ನನ್ನ ಪಾಲಿಗೆ ಬಂದವಳು ಚೌಡಿ. ಲೈನಿನ ನಾಲ್ಕನೇ ಮನೆಯ ರಂಗ, ಸಣ್ಣಮ್ಮ ಎಂಬುವರ ಮಗಳು, ನನ್ನದೇ ವಯಸ್ಸು. ಸ್ಕೂಲಿಗೆ ಬರುತ್ತಿರಲಿಲ್ಲ. ಅಪ್ಪ ಅವ್ವ ಹಣ್ಣು ಕೊಯ್ಯಲು ತೋಟಕ್ಕೆ ಹೋದರೆ ಇವಳು ಸೊಂಟದ ಮೇಲೆ ಒಂದು ಮಗು ಹೊತ್ತುಕೊಂಡು ಇಡೀ ಲೈನಿನ ಮಕ್ಕಳನ್ನು ಗದರಿಸುತ್ತಾ ತಿರುಗುತ್ತಿದ್ದಳು. ನಾನು ನನ್ನ ಕೊನೆಯ ಅಸ್ತ್ರ ತೆಗೆದೆ.

"ಅವ್ಳು ಸ್ಕೂಲಿಗೇ ಬರಲ್ಲ. ಅವ್ಳಿಗ್ಯಾಕಪ್ಪ ಸ್ಕೂಲ್ ಪೆಟ್ಟಿಗೆ?"

"ಪೆಟ್ಟಿಗೆ ಬಂದ್ರೆ ಸ್ಕೂಲಿಗೂ ಬರ್ತಾಳೆ," ಎಂದರು ಅಪ್ಪ. ಮುಂದೆ ಆದದ್ದು ಇದಕ್ಕೆ ತದ್ವಿರುದ್ಧ.

ಆ ಭಾನುವಾರ ಅಪ್ಪ ನನ್ನನ್ನೇ ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಬಾಳ್ಳುಪೇಟೆಗೆ ಹೋದರು. ಕೊಡುವವಳೇ ಆರಿಸಬೇಕಂತೆ. ಆರಿಸುವುದೇನು ಬಂತು, ಆರು ತಿಂಗಳಿಂದ ಆರಿಸಿಟ್ಟದ್ದೇ ಅದು. ಇಬ್ರಾಹಿಂ ಸಾಬರು ಪೆಟ್ಟಿಗೆ ಇಳಿಸಿ, ಧೂಳು ಒರೆಸಿ, ಬೀಗ ಹಾಕಿ ತೆಗೆದು ತೋರಿಸಿದರು. ಒಂದು ದಾರದಲ್ಲಿ ಎರಡು ಬೀಗದ ಕೈಗಳಿದ್ದವು. ಒಂದು ಕಳೆದುಹೋದರೆ ಇರಲಿ ಅಂತ ಇನ್ನೊಂದು, ಎಂದರು. ಅಪ್ಪ ತಡೆಯಲಾರದೆ ಅವರಿಗೆ ವಿಷಯವನ್ನೆಲ್ಲ ವಿವರಿಸಿದರು. ಸಾಬರು ತಲೆದೂಗಿ ಕೇಳಿ ನನ್ನ ಕಡೆ ನೋಡಿದರು. ನನ್ನ ಮುಖ ಹೇಗಿತ್ತೋ.

"ಮತ್ತೆ ಈ ಮಗೀಗೆ ಏನು ಡಾಕ್ಟ್ರೇ?"

"ಕೊಟ್ಟ ಸಂತೋಷ," ಎಂದರು ಅಪ್ಪ.

"ಅದನ್ನ ಇಟ್ಕಳಾಕೂ ಒಂದು ಪೆಟ್ಟಿಗೆ ಬೇಕಲ್ಲ ಮಾರಾಯ್ರೇ," ಎಂದರು ಸಾಬರು. ಅಪ್ಪ ನಕ್ಕರು. ನನಗೆ ನಗು ಬರಲಿಲ್ಲ. ಬರುವಾಗ ದಾರಿಯುದ್ದಕ್ಕೂ ಪೆಟ್ಟಿಗೆಯನ್ನು ತೊಡೆಯ ಮೇಲೆ ಇಟ್ಟುಕೊಂಡು, ಏರಿನಲ್ಲಿ ಅಪ್ಪ ಸೈಕಲ್ ತಳ್ಳುವಾಗ ಅವರ ಬೆನ್ನ ಹಿಂದೆ ಆ ದಾರ ಬಿಚ್ಚಿ, ಒಂದು ಬೀಗದ ಕೈಯನ್ನು ಲಂಗದ ಲಾಡಿಗೆ ಕಟ್ಟಿಕೊಂಡೆ. ಯಾಕೆ ಅಂತ ಆಗ ಕೇಳಿದ್ದರೆ ಹೇಳಲು ಬರುತ್ತಿರಲಿಲ್ಲ. ಪೂರ್ತಿ ಕೊಟ್ಟುಬಿಡಲು ಮನಸ್ಸಾಗಲಿಲ್ಲ, ಅಷ್ಟೇ.

ಹಬ್ಬದ ದಿನ ಮಧ್ಯಾಹ್ನ ನಾವು ಐದೂ ಜನ ಮೆರವಣಿಗೆಯಂತೆ ಲೈನಿಗೆ ಇಳಿದೆವು. ಅಪ್ಪ ತಮ್ಮ ಹೊಸ ಅಂಗಿಯನ್ನು ಚೌಡಿಯ ಅಪ್ಪ ರಂಗನಿಗೆ ಕೊಟ್ಟರು. ಅಮ್ಮ ತನ್ನ ಹೊಸ ಸೀರೆಯನ್ನು ಒಬ್ಬ ಬಾಣಂತಿಗೆ ಕೊಟ್ಟು, ಅದರ ಸೆರಗನ್ನು ಕೊನೆಯ ಸಲ ಒಮ್ಮೆ ಸವರಿದಳು. ಜಯಣ್ಣ ತನ್ನ ರಬ್ಬರ್ ಚೆಂಡನ್ನು ಮುತ್ತ ಎಂಬ ಹುಡುಗನಿಗೆ ಕೊಟ್ಟು, ಮರುಕ್ಷಣವೇ ಅವನ ಜೊತೆ ಆಡಲು ಹೋಗಿಬಿಟ್ಟ. ಚೆಂಡೂ ಸಿಕ್ಕಿತು, ಆಡುವವರೂ ಸಿಕ್ಕರು. ಅವನ ಹಾಗೆ ದಾನ ಮಾಡುವ ಕಲೆ ಮನೆಯಲ್ಲಿ ಯಾರಿಗೂ ಬರಲಿಲ್ಲ. ಅಜ್ಜಿ ಮುದುಕಿ ಕಾಳಮ್ಮನ ಕೈಗೆ ಇಟ್ಟ ಸೀರೆಯನ್ನು ನೋಡಿ ಅಪ್ಪನ ಮುಖ ಇಳಿಯಿತು. ನಾಲ್ಕು ವರ್ಷದಿಂದ ಅಜ್ಜಿ ಉಡುತ್ತಿದ್ದ ಸೀರೆ ಅದು.

"ಹೊಸದು ಕೊಟ್ರೆ ಎತ್ತಿಡ್ತಾಳೆ. ಹಳೇದು ಕೊಟ್ರೆ ಉಡ್ತಾಳೆ," ಎಂದಳು ಅಜ್ಜಿ. ಕಾಳಮ್ಮ ಅಲ್ಲೇ ಅದನ್ನು ಹೊದ್ದುಕೊಂಡು ಬೆಚ್ಚಗಿದೆ ಎಂದಳು.

ನನ್ನ ಸರದಿ ಬಂತು. ಚೌಡಿ ಸೊಂಟದ ಮಗುವನ್ನು ಕೆಳಗಿಳಿಸಿ ಎರಡೂ ಕೈ ಚಾಚಿದಳು. ನಾನು ಬಿಡಲಿಲ್ಲ. ಅವಳು ಎಳೆದಳು. ಅಪ್ಪ ಹಿಂದಿನಿಂದ ಕೆಮ್ಮಿದರು. ಆಗ ಬಿಟ್ಟೆ. ಅವಳು ಮುಚ್ಚಳ ತೆಗೆದು ಒಳಗೆ ಮೂಗಿಟ್ಟು ಮೂಸಿ, "ಬಣ್ಣದ ವಾಸ್ನೆ," ಎಂದಳು. ಆಮೇಲೆ ಬೀಗ ಹಾಕಿದಳು, ತೆಗೆದಳು, ಹಾಕಿದಳು. ಬೀಗದ ಕೈಗೆ ಕಪ್ಪು ದಾರ ಪೋಣಿಸಿ ಕೊರಳಿಗೆ ಹಾಕಿಕೊಂಡಳು. ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಕೊಟ್ಟ ಸಂತೋಷ ಈಗ ಬರುತ್ತದೆ, ಆಗ ಬರುತ್ತದೆ ಎಂದು ನಾನು ಸಂಜೆಯವರೆಗೂ ಕಾದೆ. ಅಮ್ಮ ಕೊಟ್ಟ ಕಜ್ಜಾಯ ತಿಂದಾಗ ಸ್ವಲ್ಪ ಬಂದ ಹಾಗಾಯಿತು, ಆದರೆ ಅದು ಕಜ್ಜಾಯದ್ದು.

ಒಂದೇ ತಿಂಗಳಲ್ಲಿ ಚೌಡಿ ಲೈನಿನ ಯಜಮಾನಿಯೇ ಆಗಿಬಿಟ್ಟಳು. ಆ ಹದಿನೆಂಟು ಮನೆಗಳ ಸಾಲಿನಲ್ಲಿ ಬೀಗ ಎಂಬುದಿದ್ದದ್ದು ಅದೊಂದೇ. ಮೊದಲು ಅವಳ ಅವ್ವ ಸಣ್ಣಮ್ಮ ಗಂಡನ ಹೊಸ ಅಂಗಿಯನ್ನು ಅದರೊಳಗಿಟ್ಟಳು. ಆಮೇಲೆ ಪಕ್ಕದ ಮನೆಯವಳು ತನ್ನ ಮದುವೆಯ ಫೋಟೋ ತಂದುಕೊಟ್ಟಳು. ಆಮೇಲೆ ಒಬ್ಬರ ರೇಷನ್ ಕಾರ್ಡು, ಇನ್ನೊಬ್ಬರ ಬೆಳ್ಳಿ ಕಾಲುಂಗುರ, ಕಾಳಮ್ಮನ ಹೊಗೆಸೊಪ್ಪು, ಕೆಂಚಿ ಎಂಬ ಮದುವೆ ವಯಸ್ಸಿನ ಹುಡುಗಿಯ ಕಿವಿಯ ಓಲೆ. ತೋಟಕ್ಕೆ ಹೊರಡುವ ಹೆಂಗಸರು ಬೆಳಿಗ್ಗೆ ಅವಳ ಮನೆಯ ಮುಂದೆ ಸಾಲಾಗಿ ನಿಲ್ಲುತ್ತಿದ್ದರು. ಅಲ್ಲಿಯವರೆಗೆ "ಏಯ್ ಚೌಡಿ" ಎನ್ನುತ್ತಿದ್ದವರು "ಚೌಡಮ್ಮಾ, ವಸಿ ತೆಗಿಯವ್ವ" ಎನ್ನತೊಡಗಿದರು. ಅಷ್ಟು ಜವಾಬ್ದಾರಿ ಬಿಟ್ಟು ಅವಳು ಸ್ಕೂಲಿಗೆ ಬರುವುದುಂಟೇ? ಇದೆಲ್ಲ ನನಗೆ ಬರಬೇಕಿದ್ದ ಮರ್ಯಾದೆ ಎಂದು ನನಗೆ ಊಟ ಸೇರಲಿಲ್ಲ.

ಒಂದು ಮಧ್ಯಾಹ್ನ ದೊಡ್ಡವರೆಲ್ಲ ತೋಟದಲ್ಲಿದ್ದಾಗ ಲೈನಿಗೆ ಇಳಿದೆ. ಬೀಗದ ಕೈ ಸೊಂಟದಲ್ಲಿತ್ತು. ಚೌಡಿ ನೀರಿಗೆ ಹೋಗಿದ್ದರೆ ತೆಗೆದು ನೋಡುವುದೆಂದೇ ಹೋಗಿದ್ದೆ. ಅವಳು ಬಾಗಿಲಲ್ಲೇ ಪೆಟ್ಟಿಗೆಯ ಮೇಲೆ ಕೂತಿದ್ದಳು.

"ನೋಡ್ತೀರಾ ಅಮ್ಮಣ್ಣಿ?" ಎಂದು ಕೇಳಿ, ನಾನು ಬಾಯಿ ತೆರೆಯುವ ಮೊದಲೇ ಬೀಗ ತೆಗೆದಳು. ಒಂದೊಂದನ್ನೇ ಎತ್ತಿ ತೋರಿಸಿ, ಯಾರದು, ಯಾಕೆ ಇಟ್ಟಿದ್ದಾರೆ ಎಂದು ಹೇಳಿದಳು. ಕೆಂಚಿಯ ಓಲೆಯನ್ನು ನನ್ನ ಕಿವಿಯ ಹತ್ತಿರ ಹಿಡಿದು, "ನಿಮ್ಗೆ ಒಪ್ತದೆ," ಎಂದಳು. ಅಷ್ಟರಲ್ಲಿ ನನ್ನ ಸೊಂಟದಲ್ಲಿದ್ದದ್ದು ಕಾಯಿಸಿದ ಮೊಳೆಯ ಹಾಗೆ ಚುಚ್ಚತೊಡಗಿತ್ತು. ಅಲ್ಲೇ ಬಿಚ್ಚಿ ಕೊಟ್ಟುಬಿಡೋಣ ಅನ್ನಿಸಿತು. ಕೊಟ್ಟರೆ ಕದ್ದದ್ದು ಗೊತ್ತಾಗುತ್ತದೆ. ಕೊಡದೆ ಮನೆಗೆ ಬಂದೆ. ಅಂದಿನಿಂದ ನಾನೂ ಅವಳೂ ದಿನಾ ಸ್ಕೂಲು ಬಿಟ್ಟ ಮೇಲೆ ಆ ಬಾಗಿಲಲ್ಲಿ ಕೂತು ಕಲ್ಲಾಟ ಆಡುತ್ತಿದ್ದೆವು. ಆಟದಲ್ಲಿ ಅವಳು ನನಗೆ ಮೋಸ ಮಾಡಿದಾಗೆಲ್ಲ ನಾನು ಸುಮ್ಮನಿದ್ದೆ.

ಸಂತೆಯ ಭಾನುವಾರ ಬೆಳಿಗ್ಗೆ ಲೈನಿನ ಕಡೆಯಿಂದ ದೊಡ್ಡ ಗಲಾಟೆ ಕೇಳಿತು. ರಂಗ ಸಂತೆಗೆ ಹೊಸ ಅಂಗಿ ಹಾಕಿಕೊಂಡು ಹೋಗಬೇಕೆಂದು ಹಟ ಹಿಡಿದಿದ್ದ. ಹೋದ ಅಂಗಿ ಹೆಂಡದಂಗಡಿಯಲ್ಲೇ ಉಳಿಯುತ್ತದೆಂದು ಸಣ್ಣಮ್ಮ ಬೇಡವೆಂದಿದ್ದಳು.

"ನನ್ ಅಂಗಿ ನಂಗ್ ಕೊಡಾಕೆ ಇವ್ಳ್ಯಾವ್ಳು ಅಪ್ಪಣೆ ಕೊಡೋಳು? ಡಾಕ್ಟ್ರಯ್ಯ ಕೊಟ್ಟಿದ್ದು ನಂಗೆ! ಒಂದಿನಾನೂ ಮೈಗ್ ಹಾಕಿಲ್ಲ!" ಎಂದು ಕೂಗುತ್ತಾ ರಂಗ ಮಗಳ ಕೊರಳಿನ ದಾರಕ್ಕೆ ಕೈ ಹಾಕಿದನಂತೆ. ದಾರ ಕಿತ್ತುಬಂತು, ಬೀಗದ ಕೈ ಬರಲಿಲ್ಲ. ಚೌಡಿ ಅದನ್ನು ಬಾಯಿಗೆ ಹಾಕಿಕೊಂಡಿದ್ದಳು. "ಉಗುಳು" ಎಂದು ಅವನು ಬೆನ್ನಿಗೊಂದು ಗುದ್ದಿದ. ಗುಳಕ್ ಎಂದು ಒಳಗೆ ಹೋಗಿಬಿಟ್ಟಿತು.

ಐದು ನಿಮಿಷದಲ್ಲಿ ಅರ್ಧ ಲೈನು ಆಸ್ಪತ್ರೆಯಲ್ಲಿತ್ತು. ಮುಂದೆ ರಂಗ, ಬಿಳಿಚಿಕೊಂಡ ಮುಖದಲ್ಲಿ ಮಗಳನ್ನು ಎತ್ತಿಕೊಂಡು. ಮಗಳು ಪೆಟ್ಟಿಗೆಯನ್ನು ಎತ್ತಿಕೊಂಡು. ಅಪ್ಪ ಅವಳ ಗಂಟಲು ನೋಡಿದರು, ಹೊಟ್ಟೆ ಒತ್ತಿದರು, ಉಸಿರು ಸರಾಗವಾಗಿದೆಯೇ ಎಂದು ಕಿವಿಯಿಟ್ಟು ಕೇಳಿದರು. ಒಳಗೆ ಹೋಗಿ ದಪ್ಪ ಪುಸ್ತಕವೊಂದನ್ನು ತಿರುವಿ ಬಂದು, ಬಾಳೆಹಣ್ಣು ಮತ್ತು ಮೆತ್ತನೆಯ ಅನ್ನ ಕೊಡಿ, ತಾನಾಗಿ ಬರುತ್ತದೆ, ಇಲ್ಲೇ ಇರಲಿ, ಎಂದರು. ರಂಗ ಬೆಂಚಿನ ಕಾಲ ಬಳಿ ಕುಸಿದು ಕೂತು ಅಳತೊಡಗಿದ.

"ಅಂಗಿ ಬ್ಯಾಡ ಡಾಕ್ಟ್ರಯ್ಯ. ನಂಗೆ ಯಾವ್ ಅಂಗೀನೂ ಬ್ಯಾಡ. ಮಗಿ ಉಳುದ್ರೆ ಸಾಕು."

ಅವನ ಅಳು ಮುಗಿಯುವ ಮೊದಲೇ ಕೆಂಚಿಯ ಅವ್ವ ಜೋರಾಗಿ ಶುರು ಮಾಡಿದಳು. ಮಾರನೆಯ ದಿನ ಯಸಳೂರಿನಿಂದ ಕೆಂಚಿಯನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದರು. ಓಲೆ ಪೆಟ್ಟಿಗೆಯಲ್ಲಿತ್ತು. ಬರೀ ಕಿವಿಯಲ್ಲಿ ಹೆಣ್ಣು ತೋರಿಸುವುದು ಹೇಗೆ? ಬೀಗ ಒಡೆಯದೆ ದಾರಿಯಿಲ್ಲ ಎಂದು ಎಲ್ಲರೂ ಹೇಳಿದರು. ಯಾರೋ ಕಲ್ಲು ತಂದರು. ಚೌಡಿ ಅಲ್ಲಿಯವರೆಗೆ ಒಂದು ಹನಿ ಕಣ್ಣೀರು ಹಾಕಿರಲಿಲ್ಲ. ಈಗ ಪೆಟ್ಟಿಗೆಯ ಮೇಲೆ ಬೋರಲು ಬಿದ್ದು ಹೋ ಎಂದು ಅತ್ತಳು.

"ಒಡೀಬ್ಯಾಡ್ರಪ್ಪೋ! ಬೀಗ ಹೋದ್ರೆ ಇದು ಬರೀ ಡಬ್ಬ ಆಯ್ತದೆ!"

ಅಪ್ಪ ಕಲ್ಲನ್ನು ಕೈಗೆ ತೆಗೆದುಕೊಂಡರು. ನಾನು ಬಾಗಿಲ ಬಳಿ ಅಜ್ಜಿಯ ಪಕ್ಕ ನಿಂತಿದ್ದೆ. ಗೋಡೆಗೆ ಮುಖ ಮಾಡಿ ಲಾಡಿಯ ಗಂಟು ಬಿಚ್ಚಲು ಹೋದರೆ ಅದು ಸಡಿಲವಾಗಲಿಲ್ಲ, ಕೊನೆಗೆ ಹಲ್ಲಿನಿಂದ ದಾರ ಕಚ್ಚಿ ಹರಿದೆ. ಒಂದು ಕೈಯಲ್ಲಿ ಲಂಗ ಹಿಡಿದುಕೊಂಡು, ಇನ್ನೊಂದು ಕೈಯಲ್ಲಿ ಬೀಗದ ಕೈ ಹಿಡಿದು ಅಪ್ಪನ ಮುಂದೆ ನಿಂತೆ. ಅಪ್ಪ ಅದನ್ನು ನೋಡಿದರು, ನನ್ನನ್ನು ನೋಡಿದರು. ಮುಖ ನಿಧಾನವಾಗಿ ಕೆಂಪಾಯಿತು.

"ಇದು ನಿನ್ನ ಹತ್ರ ಹೆಂಗೆ ಬಂತು?"

ಪೆಟ್ಟಿಗೆಯ ಮೇಲಿಂದ ಚೌಡಿ ತಲೆ ಎತ್ತಿದಳು. ಇನ್ನೊಂದು ಬೀಗದ ಕೈ ಇದೆ ಎಂಬುದೇ ಅವಳಿಗೆ ಆ ಕ್ಷಣದವರೆಗೆ ಗೊತ್ತಿರಲಿಲ್ಲ. ಮೂಗು ಸೊರ್ ಎಂದು ಎಳೆದುಕೊಂಡು, ನನ್ನ ಮುಖ ಒಂದು ಸಲ ನೋಡಿದಳು.

"ನಾನೇ ಕೊಟ್ಟಿದ್ದು ಡಾಕ್ಟ್ರಯ್ಯ," ಎಂದಳು. "ಒಂದು ಅಮ್ಮಣ್ಣಿ ತಾವ ಇರ್ಲಿ ಅಂತ ನಾನೇ ಕೊಟ್ಟಿದ್ನಿ."

ಅಪ್ಪನ ಕಣ್ಣು ತುಂಬಿಬಂತು. ಕಲ್ಲನ್ನು ಕೆಳಗಿಟ್ಟು, ನನ್ನ ತಲೆಯ ಮೇಲೆ ಒಂದು ಕೈ, ಅವಳ ತಲೆಯ ಮೇಲೆ ಒಂದು ಕೈ ಇಟ್ಟು, ಅಲ್ಲಿದ್ದವರಿಗೆಲ್ಲ ಕೇಳುವಂತೆ, ಕೊಡುವುದರಿಂದ ಇಂಥ ನಂಬಿಕೆ ಬೆಳೆಯುತ್ತದೆ ನೋಡಿ ಎಂದು ಒಂದು ಸಣ್ಣ ಭಾಷಣವನ್ನೇ ಮಾಡಿದರು. ಭೂಮಿ ಬಾಯಿಬಿಟ್ಟಿದ್ದರೆ ಲಂಗ ಹಿಡಿದುಕೊಂಡೇ ಇಳಿದುಹೋಗುತ್ತಿದ್ದೆ. ಭಾಷಣ ಮುಗಿಯುವವರೆಗೂ ಅಜ್ಜಿ ಎಲೆಯಡಿಕೆ ಅಗಿಯುತ್ತಾ ನನ್ನನ್ನೇ ನೋಡುತ್ತಿದ್ದಳು. ಲಂಗ ಒಗೆದು ಹಾಕುತ್ತಿದ್ದವಳು ಅವಳೇ. ಅವಳಿಗೆ ಗೊತ್ತಿರದೆ ಇರುತ್ತದೆಯೇ? ಆಮೇಲೆ ಒಳಗೆ ಬಂದು ನನ್ನ ಕೈಗೆ ಹೊಸ ಲಾಡಿ ಕೊಟ್ಟಳು. ಅದು ಬೈದಿದ್ದಕ್ಕಿಂತ ಹೆಚ್ಚಾಯಿತು.

ಓಲೆ ಸಿಕ್ಕಿತು. ಕೆಂಚಿಯನ್ನು ಯಸಳೂರಿನವರು ಒಪ್ಪಿದರು. ರಂಗನ ಅಂಗಿಯನ್ನು ಸಣ್ಣಮ್ಮ ತಾನೇ ತೆಗೆದು ಅವನ ಕೈಗೆ ಕೊಟ್ಟಳು. ಚೌಡಿ ಆಸ್ಪತ್ರೆಯಲ್ಲಿದ್ದ ಮೂರು ದಿನವೂ ಅವನು ಅದನ್ನು ಹಾಕಿಕೊಂಡು, ಹೆಂಡದಂಗಡಿಯ ಕಡೆ ತಲೆಹಾಕದೆ, ಮಗಳಿಗೆ ಬಾಳೆಹಣ್ಣು ಸುಲಿದು ಕೊಡುತ್ತಾ ಆಸ್ಪತ್ರೆಯ ಬೆಂಚಿನ ಬಳಿ ಕೂತಿದ್ದ. ಚೌಡಿ ಹಾಗೆ ಒಂದೇ ಕಡೆ ಕೂತು ಇನ್ನೊಬ್ಬರು ಕೊಟ್ಟದ್ದು ತಿಂದದ್ದನ್ನು ನಾನು ಕಂಡದ್ದು ಆಗಲೇ. ಮೂರನೇ ದಿನ ಬೆಳಿಗ್ಗೆ ಅಪ್ಪ ಕಾದಿದ್ದ ಶುಭ ಸಮಾಚಾರ ಬಂತು. ಅವರು ಆ ಬೀಗದ ಕೈಯನ್ನು ಸಿರಿಂಜು ಕುದಿಸುವ ಪಾತ್ರೆಯಲ್ಲಿ ಹಾಕಿ, ಗಡಿಯಾರ ನೋಡಿಕೊಂಡು ಅರ್ಧ ಗಂಟೆ ಕುದಿಸಿದರು. ಅದೇ ಸೀಮೆಣ್ಣೆ ಒಲೆಯ ಮೇಲೆ ಅವರ ಕಾಫಿಯೂ ಆಗುತ್ತಿತ್ತೆಂದು ಅಮ್ಮ ಆ ವಾರವೆಲ್ಲ ಆಸ್ಪತ್ರೆಯ ಕಡೆ ಕಾಫಿಗೆ ಹಾಲು ಕಳಿಸಲಿಲ್ಲ.

ಮನೆಗೆ ಹೊರಟ ಚೌಡಿಯ ಪೆಟ್ಟಿಗೆಯನ್ನು ನಾನೇ ಹೊತ್ತುಕೊಂಡು ಇಳಿಜಾರು ಇಳಿದೆ. ಅವಳ ಕೈಯಲ್ಲಿ ಎರಡೂ ಬೀಗದ ಕೈಗಳಿದ್ದವು. ಅರ್ಧ ದಾರಿಯಲ್ಲಿ ನಿಂತಳು.

"ಯಾವಾಗಿಂದ ಇಟ್ಕಂಡಿದ್ದೆ?" ಎಂದು ಕೇಳಿದಳು. ಅಮ್ಮಣ್ಣಿ ಎನ್ನಲಿಲ್ಲ.

"ತಂದ ದಿನದಿಂದ."

"ತೆಗ್ದು ನೋಡಿದ್ಯಾ?"

"ಇಲ್ಲ. ನೋಡಣ ಅಂತ ಬಂದಿದ್ದೆ. ನೀನೇ ತೋರ್ಸಿಬಿಟ್ಟೆ."

ಬೈಯುತ್ತಾಳೆ ಎಂದುಕೊಂಡೆ. ಬೈದಿದ್ದರೆ ಸಮಾಧಾನವಾಗುತ್ತಿತ್ತು. ಎರಡು ಬೀಗದ ಕೈಗಳನ್ನೂ ಬಿಸಿಲಿಗೆ ಹಿಡಿದು ನೋಡಿ, ಅದರಲ್ಲೊಂದನ್ನು ನನ್ನ ಕಡೆ ಚಾಚಿದಳು.

"ತಗಾ. ನಿಮ್ಮಪ್ಪಯ್ಯನ ಮುಂದೆ ಸುಳ್ಳಾಡ್ದಂಗಾಗಬಾರ್ದು ನಾನು. ಈಗ ನಾನೇ ಕೊಟ್ಟೆ."

ಪೆಟ್ಟಿಗೆ ಕೆಳಗಿಟ್ಟು ಎರಡೂ ಕೈಯಲ್ಲಿ ತೆಗೆದುಕೊಂಡೆ. ಆ ವರ್ಷ ನನಗೆ ಸಿಕ್ಕ ಉಡುಗೊರೆ ಅದೊಂದೇ. ಕುದಿಸಿ ಕುದಿಸಿ ಅದರ ಹೊಳಪೆಲ್ಲ ಹೋಗಿತ್ತು. ಹೊಳೆಯುತ್ತಿದ್ದದ್ದನ್ನು ಚೌಡಿ ತನ್ನ ಕೊರಳಿಗೆ ಹಾಕಿಕೊಂಡು, ಪೆಟ್ಟಿಗೆ ಎತ್ತಿಕೋ ಎಂದು ನನಗೆ ಕೈ ತೋರಿಸಿ ಮುಂದೆ ನಡೆದಳು.